ಒಣಗುವ ಕಾಲದ ಲೆಕ್ಕ: ಬೆಂಗಳೂರಿನ ಪೂರ್ವ ಸೀಮೆಯ ಇಟ್ಟಿಗೆ, ಮಡಕೆ, ರಾಗಿಯ ಚರಿತ್ರೆ



ಒಂದು ಸಂಘ ಇಪ್ಪತ್ತೈದು ವರ್ಷ ಬಾಳಿ ಬದುಕುವುದೆಂದರೆ ಸಣ್ಣ ಮಾತಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಹಚ್ಚಿದ ಸಹಕಾರದ ದೀಪ ಇವತ್ತಿಗೂ ಹಳ್ಳಿಹಳ್ಳಿಯಲ್ಲಿ ಉರಿಯುತ್ತಿದೆ. ನಮ್ಮ ಮೈಸೂರು ಸಂಸ್ಥಾನದಲ್ಲೂ ಅದೇ 1905ರಲ್ಲಿ ಸಹಕಾರಿ ಸಂಘಗಳ ಕಾಯ್ದೆ ಜಾರಿಗೆ ಬಂತು. ಈ ಚರಿತ್ರೆಯನ್ನು ಸಂಚಿಕೆಯ ಬೇರೆ ಲೇಖನಗಳಲ್ಲಿ ಹಿರಿಯರು ಬರೆದೇ ಬರೆದಿರುತ್ತಾರೆ. ನಾನು ಇಲ್ಲಿ ಹೇಳಹೊರಟಿರುವುದು ಸಂಘದ ತಕ್ಕಡಿಯ ಮುಂದೆ ದಿನವೂ ಬಂದು ನಿಲ್ಲುವ, ಆದರೆ ಯಾವ ಲೆಡ್ಜರಿನಲ್ಲೂ ಹೆಸರಿಲ್ಲದ ಒಬ್ಬ ಸದಸ್ಯನ ಕಥೆ. ಆ ಸದಸ್ಯನೇ ನೀರು.

ಚೀಲದಲ್ಲಿ ರಾಗಿ ಇದೆ ಅಂತೀವಿ, ರಾಗಿಯ ಜೊತೆಗೆ ನೀರೂ ಇದೆ. ಅಚ್ಚಿನಿಂದ ತೆಗೆದ ಇಟ್ಟಿಗೆಯಲ್ಲಿ ಮಣ್ಣಿದೆ, ನೀರೂ ಇದೆ. ಮಡಕೆ, ಹಸಿ ತೊಗಲು, ಹೊಗೆಸೊಪ್ಪು, ಹುಲ್ಲು, ಅಜ್ಜಿ ಹರಡಿದ ಸಂಡಿಗೆ ಎಲ್ಲದರಲ್ಲೂ ನೀರು. ಇದನ್ನು ಎಷ್ಟು ಹೊರಹಾಕಬೇಕು, ಎಷ್ಟು ಹೊತ್ತು ಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಒಣಗಿಸುವ ವಿದ್ಯೆ. ಇವತ್ತು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದುವ ಹುಡುಗರು ಇದನ್ನು ಒಂದು ಅಧ್ಯಾಯವಾಗಿ ಓದುತ್ತಾರೆ, ಪರೀಕ್ಷೆಯಲ್ಲಿ ಲೆಕ್ಕ ಬಿಡಿಸುತ್ತಾರೆ. ದಂಡಿನಿಂದ ಹಲಸೂರು, ಕೃಷ್ಣರಾಜಪುರದವರೆಗಿನ ನಮ್ಮ ಪೂರ್ವ ಸೀಮೆಯ ಜನ ಇದೇ ಲೆಕ್ಕವನ್ನು ಕಾಗದ ಪೆನ್ಸಿಲ್ ಇಲ್ಲದೆ ತಲೆತಲಾಂತರದಿಂದ ಮಾಡಿಕೊಂಡು ಬಂದವರು.

ಕೆರೆಯ ಮಣ್ಣು ಪೇಟೆಯಾದ ಬಗೆ

1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಹಲಸೂರಿನ ಪಕ್ಕದ ಎತ್ತರದ ಬಯಲಿಗೆ ತಂದು ನೆಲೆಗೊಳಿಸಿದರು. ಅದೇ ನಮ್ಮ ದಂಡು, ಅಂದರೆ ಕಂಟೋನ್ಮೆಂಟು. ಸಿಪಾಯಿಗಳಿಗೆ ಬ್ಯಾರಕ್ಕು, ಅಧಿಕಾರಿಗಳಿಗೆ ಬಂಗಲೆ, ಕುದುರೆಗಳಿಗೆ ಲಾಯ, ವ್ಯಾಪಾರಿಗಳಿಗೆ ಬಜಾರು, ಎಲ್ಲವೂ ಎದ್ದವು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ರೈಲು ಬಂತು. 1898ರ ಪ್ಲೇಗು ಊರನ್ನು ನಡುಗಿಸಿದ ಮೇಲೆ ಗಾಳಿ ಬೆಳಕು ಇರುವ ಹೊಸ ಬಡಾವಣೆಗಳು ಬೇಕೆಂದು ತೀರ್ಮಾನವಾಯಿತು. ಫ್ರೇಜರ್ ಟೌನ್, ಅಂದರೆ ಇಂದಿನ ಪುಲಕೇಶಿನಗರ, ಹಾಗೆ ಹುಟ್ಟಿದ್ದು. ಮುಂದೆ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿನಗರದ ಐ.ಟಿ.ಐ., ಆಮೇಲೆ ಇಂದಿರಾನಗರ. ಇಷ್ಟಕ್ಕೂ ಇಟ್ಟಿಗೆ ಬೇಕಾಯಿತು. ಇಟ್ಟಿಗೆಗೆ ಮಣ್ಣು ಬೇಕು, ಮಣ್ಣು ಕೆರೆಯಂಗಳದಲ್ಲಿತ್ತು. ಮಳೆಗಾಲದಲ್ಲಿ ಹರಿದು ಬಂದು ಕೆರೆಯ ತಳದಲ್ಲಿ ಕೂರುವ ಗೋಡುಮಣ್ಣು ಹೊಲಕ್ಕೆ ಗೊಬ್ಬರವೂ ಹೌದು, ಇಟ್ಟಿಗೆಗೆ ಮೂಲಧನವೂ ಹೌದು.

ಇಟ್ಟಿಗೆ ಕೊಯ್ಯುವ ಕೆಲಸ ಮಳೆ ಹಿಂದೆಗೆದ ಮೇಲೆ ಶುರುವಾಗುತ್ತದೆ. ನಮ್ಮ ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಜೋರು ಮಳೆ. ಆ ಕಾಲದಲ್ಲಿ ಹಸಿ ಇಟ್ಟಿಗೆ ಹಾಕಿದರೆ ಮತ್ತೆ ಕೆಸರೇ ಗತಿ. ಚಳಿಗಾಲ ಕಳೆದು ಯುಗಾದಿಯ ಬಿಸಿಲು ಏರುವಾಗ ಕೆಲಸ ಭರದಿಂದ ಸಾಗುತ್ತದೆ. ಅಚ್ಚಿನಿಂದ ತೆಗೆದ ಇಟ್ಟಿಗೆಯನ್ನು ಮೊದಲು ಮಟ್ಟಸ ನೆಲದಲ್ಲಿ ಮಲಗಿಸುತ್ತಾರೆ. ಕೈಗೆ ಸಿಗುವಷ್ಟು ಗಟ್ಟಿಯಾದ ಮೇಲೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಆಮೇಲೆ ನಡುವೆ ಸಂದು ಬಿಟ್ಟು ಜಾಲರಿಯ ಹಾಗೆ ಒಟ್ಟುತ್ತಾರೆ. ಗಾಳಿ ಒಳಗೆಲ್ಲಾ ಆಡಬೇಕು. ಪೂರ್ತಿ ಆರದ ಇಟ್ಟಿಗೆಯನ್ನು ಗೂಡಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಇಟ್ಟಿಗೆ ಸಿಡಿಯುತ್ತದೆ, ಸೌದೆಯೂ ದಂಡ.

ಈ ಕೆಲಸಕ್ಕೆ ದೂರದ ಊರುಗಳಿಂದ ಗಂಡ ಹೆಂಡತಿ ಮಕ್ಕಳ ಸಮೇತ ಬಂದವರು ಬಹಳ ಜನ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಅಕಾಲ ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಅನೇಕ ಕಡೆ ಆ ದಿನದ ಕೂಲಿಯೂ ಕರಗಿ ಹೋಗುತ್ತಿತ್ತು. ಒಣಗುವ ಕಾಲ ಎನ್ನುವುದು ಅವರಿಗೆ ಪಾಠದ ವಿಷಯವಲ್ಲ, ಸಂಜೆಯ ಹಿಟ್ಟಿನ ವಿಷಯ.

ಕುಂಬಾರರ ಶಾಸ್ತ್ರ

ದಂಡಿನ ರೈಲು ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಪಾಟರಿ ಟೌನ್ ಇದೆ. ಮೆಟ್ರೋದ ಗುಲಾಬಿ ಮಾರ್ಗದಲ್ಲಿ ಆ ಹೆಸರಿನದೇ ಒಂದು ನಿಲ್ದಾಣ ಬಂದಿದೆ. ಹೆಸರೇ ಹೇಳುವ ಹಾಗೆ ಅದು ಕುಂಬಾರರ ಕೇರಿ. ಮಡಕೆ, ಹಣತೆ, ಹೂಕುಂಡ, ಗೌರಿ ಗಣೇಶನ ಮೂರ್ತಿ ಎಲ್ಲ ಅಲ್ಲಿ ಆಗುತ್ತವೆ. ಮೊದಲು ಸುತ್ತಲ ಕೆರೆಗಳ ಮಣ್ಣೇ ಸಾಕಾಗುತ್ತಿತ್ತು. ಕೆರೆಗಳು ಕಡಿಮೆಯಾದ ಮೇಲೆ ಮಣ್ಣು ಊರಾಚೆಯಿಂದ ಲಾರಿ ಹತ್ತಿ ಬರಬೇಕಾಯಿತು.

ಕುಂಬಾರರು ಮಡಕೆಯನ್ನು ತಿಗರಿಯಿಂದ ಇಳಿಸಿದ ತಕ್ಷಣ ಬಿಸಿಲಿಗೆ ಇಡುವುದಿಲ್ಲ. ಮೊದಲು ನೆರಳು, ಆಮೇಲೆ ಎಳೆ ಬಿಸಿಲು, ಕಡೆಗೆ ಸುಡು ಬಿಸಿಲು, ಅದಾದ ಮೇಲೆ ಆವಿಗೆ. ಕಾರಣ ಇಷ್ಟೇ. ಹಸಿ ಮಣ್ಣಿನಲ್ಲಿ ಕಣ ಕಣದ ನಡುವೆ ನೀರಿನ ಪದರ ಇರುತ್ತದೆ. ಆ ನೀರು ಹೋದಂತೆ ಕಣಗಳು ಹತ್ತಿರ ಬಂದು ಮಡಕೆ ಕುಗ್ಗುತ್ತದೆ. ಹೊರಗಿನ ಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗಿತು, ಒಳಮೈ ಇನ್ನೂ ಹಸಿಯಾಗಿ ಉಬ್ಬಿಕೊಂಡೇ ಇದೆ ಅಂದರೆ ಎರಡಕ್ಕೂ ಎಳೆದಾಟವಾಗಿ ಬಿರುಕು ಬಿಡುತ್ತದೆ. ಕಣಗಳು ಒಂದಕ್ಕೊಂದು ತಾಗಿದ ಮೇಲೆ ಕುಗ್ಗುವುದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಷ್ಟು ಬಿಸಿಲಿಗಿಟ್ಟರೂ ಭಯ ಕಡಿಮೆ. ಯಾವಾಗ ನೆರಳು, ಯಾವಾಗ ಬಿಸಿಲು ಎಂಬುದನ್ನು ಅನುಭವಸ್ಥ ಕುಂಬಾರ ಬಣ್ಣ ನೋಡಿ, ಬೆರಳಿನಿಂದ ತಟ್ಟಿ, ಮೈ ಮುಟ್ಟಿ ತಣ್ಣಗಿದೆಯೋ ಇಲ್ಲವೋ ನೋಡಿ ಹೇಳುತ್ತಾನೆ. ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ ಎಂದರ್ಥ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ಆ ವರುಷದ ಬಹುಪಾಲು ಹೀಗೆ ಕಾಯುವುದರಲ್ಲೇ ಕಳೆಯುತ್ತದೆ.

ಗಣೇಶನ ಮೂರ್ತಿಗೆ ಹೊಟ್ಟೆ ದೊಡ್ಡದು, ಆದರೆ ಬಲ್ಲವರು ಒಳಗೆ ಟೊಳ್ಳು ಬಿಟ್ಟೇ ಮಾಡುತ್ತಾರೆ. ದಪ್ಪ ಮುದ್ದೆಯ ನಡುವಿನಿಂದ ನೀರು ಹೊರಗೆ ಬರಲು ಬಹಳ ದೂರ ನಡೆಯಬೇಕು. ದಪ್ಪ ಎರಡರಷ್ಟಾದರೆ ಕಾಲ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟು ಹಿಡಿಯುತ್ತದೆ. ನಮ್ಮ ಮನೆಯ ಹೆಂಗಸರಿಗೂ ಇದು ಗೊತ್ತು. ಹಪ್ಪಳವನ್ನು ತೆಳ್ಳಗೆ ಒತ್ತುವುದು, ಮಾವಿನಕಾಯಿಯನ್ನು ಹೋಳು ಮಾಡಿ ಒಣಗಿಸುವುದು, ಕೊಬ್ಬರಿಗೆ ಕಾಯಿ ಒಡೆದು ಇಡುವುದು ಯಾಕೆ ಮತ್ತೆ?

ದಂಡಿನ ಇನ್ನೆರಡು ಕಸುಬು ಇಲ್ಲಿ ನೆನೆಯಬೇಕು. ಟ್ಯಾನರಿ ರಸ್ತೆಗೆ ಆ ಹೆಸರು ಬಂದದ್ದು ತೊಗಲು ಹದ ಮಾಡುವ ಕಾರ್ಖಾನೆಗಳಿಂದ. ಹದವಾದ ಹಸಿ ತೊಗಲನ್ನು ಸುಮ್ಮನೆ ಬಿಸಿಲಿಗೆ ಎಸೆದರೆ ಹಲಗೆಯಾಗುತ್ತದೆ. ಎಳೆದು ಬಿಗಿದು ನಿಧಾನವಾಗಿ ಆರಿಸಬೇಕು. ಇನ್ನೊಂದು, 1913ರಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟು ಕಾರ್ಖಾನೆ. ಹೊಗೆಸೊಪ್ಪಿನಲ್ಲಿ ನೀರು ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಎಲೆ ಪುಡಿಪುಡಿ. ಒಣಗಿಸುವುದೆಂದರೆ ನೀರನ್ನು ಪೂರ್ತಿ ಓಡಿಸುವುದಲ್ಲ, ಬೇಕಾದಷ್ಟನ್ನು ಉಳಿಸಿಕೊಳ್ಳುವುದು. ಈ ಮಾತು ಮುಂದೆ ರಾಗಿಯ ಲೆಕ್ಕಕ್ಕೂ ಬರುತ್ತದೆ.

ಲೆಕ್ಕ ಹುಟ್ಟಿದ ಕಥೆ

ಈ ಅನುಭವವನ್ನೆಲ್ಲ ಅಂಕಿಯಲ್ಲಿ ಹಿಡಿಯುವ ಪ್ರಯತ್ನ ನಡೆದದ್ದು ಪಶ್ಚಿಮ ದೇಶಗಳಲ್ಲಿ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ಜಾನ್ ಡಾಲ್ಟನ್ ನೀರು ಆರುವ ವೇಗ ಗಾಳಿಯಲ್ಲಿ ಈಗಾಗಲೇ ಎಷ್ಟು ಆವಿ ಇದೆ ಎಂಬುದರ ಮೇಲೆ ನಿಂತಿದೆ ಎಂದು ತೋರಿಸಿದ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಇರುವುದಕ್ಕೆ ಇದೇ ಕಾರಣ. 1855ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್, ಒಂದು ವಸ್ತು ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೇಗೆ ಹರಡುತ್ತದೆ ಎಂಬ ನಿಯಮ ಕೊಟ್ಟ. 1911ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಗಾಳಿಯ ಉಷ್ಣ ಮತ್ತು ತೇವದ ಲೆಕ್ಕವನ್ನು ಕ್ರಮಬದ್ಧ ಮಾಡಿದ. ಏರ್ ಕಂಡೀಷನ್ ಮಾಡಿದ ಕ್ಯಾರಿಯರ್ ಎಂದರೆ ಇವನೇ.

1921ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಾರೆನ್ ಲೂಯಿಸ್ ಎಂಬ ಪ್ರೊಫೆಸರು ಹಸಿ ಘನವಸ್ತು ಒಣಗುವ ವೇಗದ ಬಗ್ಗೆ ಒಂದು ಪ್ರಬಂಧ ಬರೆದರು. ಒಣಗುವುದರಲ್ಲಿ ಎರಡು ಕೆಲಸ ಇವೆ, ಒಳಗಿನ ನೀರು ಮೈಗೆ ಬರುವುದು ಒಂದು, ಮೈಯಿಂದ ಗಾಳಿಗೆ ಹಾರುವುದು ಇನ್ನೊಂದು, ಯಾವುದು ನಿಧಾನವೋ ಅದೇ ಕಾಲವನ್ನು ತೀರ್ಮಾನಿಸುತ್ತದೆ ಎಂಬುದು ಅದರ ಸಾರ. ಅವರ ಶಿಷ್ಯ ಥಾಮಸ್ ಶೆರ್‌ವುಡ್ 1929ರ ಹೊತ್ತಿಗೆ ಇದನ್ನು ಪ್ರಯೋಗಗಳಿಂದ ಬೆಳೆಸಿ ಎರಡು ಹಂತಗಳ ಚಿತ್ರ ಕೊಟ್ಟರು. ಮೊದಲ ಹಂತದಲ್ಲಿ ಮೈಯೆಲ್ಲ ಒದ್ದೆ, ಆಗ ಗಂಟೆಗೆ ಇಷ್ಟು ಎಂದು ಒಂದೇ ವೇಗದಲ್ಲಿ ನೀರು ಹೋಗುತ್ತದೆ. ಎರಡನೇ ಹಂತದಲ್ಲಿ ಮೈ ಅಲ್ಲಲ್ಲಿ ಒಣಗಿ, ಒಳಗಿನ ನೀರು ಬರುವುದೇ ತಡವಾಗಿ, ವೇಗ ಇಳಿಯುತ್ತಾ ಹೋಗುತ್ತದೆ. ಎರಡರ ನಡುವಿನ ಗಡಿಗೆ ಸಂಧಿ ತೇವ ಎನ್ನೋಣ.

ಇದನ್ನು ಓದಿದಾಗ ನಮ್ಮ ಕುಂಬಾರನ ನೆರಳು ಮತ್ತು ಬಿಸಿಲು ನೆನಪಾಗದೆ ಇರುವುದಿಲ್ಲ. ಕುಗ್ಗುವ ಕಾಲ ಬಹುಮಟ್ಟಿಗೆ ಮೊದಲ ಹಂತದಲ್ಲೇ ಮುಗಿಯುತ್ತದೆ. ಪ್ರೊಫೆಸರು ಗೆರೆ ಎಳೆದ ಜಾಗವೂ ಕುಂಬಾರ ಮಡಕೆಯನ್ನು ನೆರಳಿನಿಂದ ಬಿಸಿಲಿಗೆ ತರುವ ಜಾಗವೂ ಹತ್ತಿರ ಹತ್ತಿರ.

ನಮ್ಮ ನಾಡಿನಲ್ಲಿ ಮಣ್ಣು ಒಣಗಿಸುವುದನ್ನು ಕಾರ್ಖಾನೆಯ ಮಟ್ಟಕ್ಕೆ ತಂದವರು ಮಂಗಳೂರಿನ ಬಾಸೆಲ್ ಮಿಷನ್ನಿನವರು. ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಅಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯುವ ಊರಿನಲ್ಲಿ ಬಿಸಿಲನ್ನು ನಂಬಿ ಕೂರಲು ಆಗುತ್ತದೆಯೇ? ಹಸಿ ಹೆಂಚುಗಳನ್ನು ಸೂರಿನಡಿ ಮರದ ಅಟ್ಟಣೆಗಳ ಮೇಲೆ ಸಾಲಾಗಿ ಜೋಡಿಸಿ ಗಾಳಿಗೆ ಆರಿಸಿದರು. ಹೆಂಚು ತೆಳುವಾದ್ದರಿಂದ ಅದು ಸಾಧ್ಯವಾಯಿತು. ಮುಂದೆ ದಂಡಿನ ಎಷ್ಟೋ ಮನೆಗಳ ಮೇಲೆ ಕೂತದ್ದು ಮಂಗಳೂರು ಹೆಂಚು.

ಒಂದು ಇಟ್ಟಿಗೆಯ ಲೆಕ್ಕ

ಲೆಕ್ಕ ಎಂದಾಕ್ಷಣ ಯಾರೂ ಪುಟ ತಿರುಗಿಸಬಾರದು. ನಮ್ಮ ಸಂಘದ ಬಡ್ಡಿ ಲೆಕ್ಕಕ್ಕಿಂತ ಇದು ಸುಲಭ. ತಿಳಿಯಲಿಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಹಸಿ ಇಟ್ಟಿಗೆಯಲ್ಲಿ ಒಣ ಮಣ್ಣು 3 ಕೆ.ಜಿ., ನೀರು 750 ಗ್ರಾಂ. ಅಂದರೆ ಒಣ ಮಣ್ಣಿನ ನೂರು ಪಾಲಿಗೆ ನೀರು 25 ಪಾಲು. ಇದನ್ನು 4 ಪಾಲಿಗೆ ಇಳಿಸಬೇಕು. ಸಂಧಿ ತೇವ 13 ಪಾಲು ಎಂದಿರಲಿ. ಗಾಳಿಯಲ್ಲಿ ಎಷ್ಟು ದಿನ ಇಟ್ಟರೂ ಹೋಗದೆ ಉಳಿಯುವ ನೀರು 2 ಪಾಲು ಎಂದಿರಲಿ. ತಕ್ಕಡಿಯಲ್ಲಿ ತೂಗಿ ನೋಡಿದಾಗ ಮೊದಲ ಹಂತದಲ್ಲಿ ಇಟ್ಟಿಗೆ ಗಂಟೆಗೆ 20 ಗ್ರಾಂ ಹಗುರವಾಗುತ್ತಿದೆ.

ಮೊದಲ ಹಂತ: 25ರಿಂದ 13ಕ್ಕೆ, ಅಂದರೆ 12 ಪಾಲು. 3 ಕೆ.ಜಿ.ಗೆ ಅದು 360 ಗ್ರಾಂ. ಗಂಟೆಗೆ 20 ಗ್ರಾಂನಂತೆ 18 ಗಂಟೆ.

ಎರಡನೇ ಹಂತ: ಇಲ್ಲಿ ವೇಗ ಇಳಿಯುತ್ತಾ ಹೋಗುತ್ತದೆ. ಹೋಗಬಲ್ಲ ನೀರು ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕ ವೇಗ. ಹಂತದ ಆರಂಭದಲ್ಲಿ ಹೋಗಬಲ್ಲ ನೀರು 13ರಲ್ಲಿ 2 ಕಳೆದು 11 ಪಾಲು, ಅಂದರೆ 330 ಗ್ರಾಂ. ಆಗ ವೇಗ ಗಂಟೆಗೆ 20 ಗ್ರಾಂ. ಉಳಿದದ್ದು ಅರ್ಧವಾದಾಗ ವೇಗವೂ ಅರ್ಧ. ಹೀಗಿದ್ದಾಗ ಪ್ರತಿ ಹನ್ನೊಂದೂವರೆ ಗಂಟೆಗೆ ಉಳಿದ ನೀರು ಅರ್ಧವಾಗುತ್ತದೆ. 330 ಇದ್ದದ್ದು ಹನ್ನೊಂದೂವರೆ ಗಂಟೆಗೆ 165, ಇನ್ನೊಂದು ಹನ್ನೊಂದೂವರೆ ಗಂಟೆಗೆ ಸುಮಾರು 82. ನಮಗೆ ಬೇಕಾದ 60 ಗ್ರಾಂಗೆ ಇಳಿಯಲು ಒಟ್ಟು 28 ಗಂಟೆ. ಕಾಲೇಜಿನವರು ಇದನ್ನು ಲಾಗರಿದಮ್ಮಿನಲ್ಲಿ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನಾವು ಅರ್ಧ, ಅರ್ಧದ ಅರ್ಧ ಎಂದು ಎಣಿಸಿದರೂ ಅದೇ ಉತ್ತರ.

ಎರಡೂ ಸೇರಿ 46 ಗಂಟೆ. ಮೊದಲ ಹಂತದಲ್ಲಿ 360 ಗ್ರಾಂ ಹೋಗಲು 18 ಗಂಟೆ, ಎರಡನೆಯದರಲ್ಲಿ ಬರೀ 270 ಗ್ರಾಂ ಹೋಗಲು 28 ಗಂಟೆ. ಕೊನೆಯ ನೀರೇ ಕಷ್ಟದ ನೀರು. ಸಾಲ ವಸೂಲಿಯಲ್ಲೂ ಹೀಗೇ ಅಲ್ಲವೇ, ಮೊದಲ ಕಂತುಗಳು ಸರಾಗ, ಕೊನೆಯ ಬಾಕಿಗೆ ಹತ್ತು ಸಲ ಓಡಾಟ! ರಾತ್ರಿ ಹೊತ್ತು ಇಟ್ಟಿಗೆ ಹೆಚ್ಚು ಆರುವುದಿಲ್ಲ. ದಿನಕ್ಕೆ ಎಂಟು ಗಂಟೆ ಒಳ್ಳೆಯ ಬಿಸಿಲು ಗಾಳಿ ಎಂದು ಹಿಡಿದರೆ 46 ಗಂಟೆಗೆ ಸುಮಾರು ಆರು ದಿನ. ಇಟ್ಟಿಗೆಯವರನ್ನು ಕೇಳಿ ನೋಡಿ, "ಒಂದು ವಾರ ಬಿಡಿ ಸ್ವಾಮಿ, ಆರಲಿ" ಅಂತಾರೆ. ಆ ಒಂದು ವಾರದೊಳಗೆ ಈ ಲೆಕ್ಕವೆಲ್ಲ ಅಡಗಿದೆ.

ಇಲ್ಲಿ ಇನ್ನೊಂದು ಮಾತು. ಇಟ್ಟಿಗೆಗೆ ನೀರು ಹೋಗಬೇಕು, ಸಿಮೆಂಟಿಗೆ ನೀರು ಕುಡಿಸಬೇಕು. 1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ವಿಜ್ಞಾನ ತಲುಪಿಸಲು ಅಸ್ತ್ರ ಎಂಬ ಕೇಂದ್ರ ಆರಂಭಿಸಿದರು. ಅಲ್ಲಿ ಕೆ.ಎಸ್. ಜಗದೀಶರಂಥವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡಬೇಕಾಗಿಲ್ಲದ ಇಟ್ಟಿಗೆಯನ್ನು ರೂಢಿಗೆ ತಂದರು. ಅದನ್ನು ಬೇಗ ಒಣಗಲು ಬಿಡದೆ, ಮೂರು ನಾಲ್ಕು ವಾರ ತೇವದಲ್ಲಿಟ್ಟು ಗಟ್ಟಿ ಮಾಡಬೇಕು. ಸೌದೆ ಉಳಿಯಿತು, ಗೂಡಿನ ಹೊಗೆ ತಪ್ಪಿತು. ಹೊಗೆಸೊಪ್ಪು, ಅಡಿಕೆ ಮೊದಲಾದ ಬೆಳೆಗಳನ್ನು ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆಗಳ ಬಗ್ಗೆಯೂ ಅಲ್ಲಿ ಕೆಲಸ ನಡೆಯಿತು.

ಕಣದಲ್ಲಿ ಒಂದು ಕ್ವಿಂಟಾಲ್ ರಾಗಿ

ಇನ್ನು ನಮ್ಮ ರಾಗಿಗೆ ಬರೋಣ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಕೋಲಾರದ ದಾರಿಯಾಗಿ ನಮ್ಮ ಸೀಮೆ ಹಾದು ಬೆಂಗಳೂರಿಗೆ ಬಂದ. ಇಲ್ಲಿನ ಬೇಸಾಯವನ್ನು ಕೂಲಂಕಷವಾಗಿ ಬರೆದುಕೊಂಡ. ರಾಗಿ ಅಂದೂ ನಮ್ಮ ಜೀವನಾಡಿ. ಕೊಯ್ದ ರಾಗಿಯನ್ನು ಮೆದೆ ಹಾಕಿ ಆರಲು ಬಿಟ್ಟು, ಬಿಡುವಾದಾಗ ಕಣದಲ್ಲಿ ಹರಡಿ, ರೋಣಗಲ್ಲು ಹೊಡೆದು, ಗಾಳಿ ಬಂದಾಗ ತೂರಿ, ರಾಶಿ ಪೂಜೆ ಮಾಡಿ ಹಗೇವಿಗೆ ಇಳಿಸುತ್ತಿದ್ದರು. ಹಗೇವಿನಲ್ಲಿ ಗಾಳಿ ಆಡದು, ಹುಳಕ್ಕೆ ಬದುಕಿಲ್ಲ. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಊರನ್ನೇ ಉಳಿಸುತ್ತಿತ್ತು. ಹಸಿ ರಾಗಿ ಹಾಕಿದರೆ ಮಾತ್ರ ಹಗೇವೇ ಮುಗ್ಗುಲು. ಹಾಗಾಗಿ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ "ಬೆಚ್ಚಗಿದೆ, ಇನ್ನೊಂದು ಬಿಸಿಲು ಬೇಕು" ಎನ್ನುವ ಹಿರಿಯರ ಮಾತೇ ಅಂದಿನ ಮಾಯಿಶ್ಚರ್ ಮೀಟರು.

ಈಗ ಬೆಂಬಲ ಬೆಲೆ ಖರೀದಿಯಲ್ಲಿ ರಾಗಿಯ ತೇವ ಶೇ. 12 ಮೀರಬಾರದು ಎಂಬ ನಿಯಮವಿದೆ. ಒಬ್ಬ ಸದಸ್ಯ ಶೇ. 20 ತೇವದ ಒಂದು ಕ್ವಿಂಟಾಲ್ ರಾಗಿ ತಂದ ಎನ್ನೋಣ. ಒಣಗಿಸಿದ ಮೇಲೆ ಎಷ್ಟು ಉಳಿಯುತ್ತದೆ?

"20ರಲ್ಲಿ 12 ಹೋದರೆ 8. ಎಂಟು ಕೆ.ಜಿ. ಹೋಗಬೇಕು ತಾನೆ? ಒಂಬತ್ತು ಯಾಕೆ ಹೋಯ್ತು ಸೆಕ್ರೆಟ್ರಿಗಳೇ?" ಎಂದು ಕೇಳದವರು ಕಡಿಮೆ. ಕೇಳುವುದು ನ್ಯಾಯವೇ. ಉತ್ತರ ಹೀಗಿದೆ. ನೂರು ಕೆ.ಜಿ.ಯಲ್ಲಿ ನೀರು 20, ಒಣ ರಾಗಿ 80. ಈ 80 ಎಲ್ಲಿಯೂ ಹೋಗುವುದಿಲ್ಲ. ಒಣಗಿದ ಮೇಲೆ ಈ 80 ಎಂಬುದು ಹೊಸ ತೂಕದ ಶೇ. 88 ಆಗಬೇಕು. 80ನ್ನು 88ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 90.9 ಕೆ.ಜಿ. ಅಂದರೆ ಹೋದ ನೀರು 9.1 ಕೆ.ಜಿ. ನೀರು ಹೋದಂತೆ ಒಟ್ಟು ತೂಕವೂ ಇಳಿಯುವುದರಿಂದ ಬರೀ ಕಳೆಯುವ ಲೆಕ್ಕ ಇಲ್ಲಿ ಸಲ್ಲದು.

ಒಣಗಲು ಎಷ್ಟು ಶಾಖ ಬೇಕು? ಒಂದು ಕೆ.ಜಿ. ನೀರು ಆವಿಯಾಗಲು ಕರೆಂಟಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಯೂನಿಟ್ ಬೇಕು. 9.1 ಕೆ.ಜಿ.ಗೆ ಸುಮಾರು 6 ಯೂನಿಟ್. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸೂರ್ಯ ದಿನಕ್ಕೆ ಸುಮಾರು 5 ಯೂನಿಟ್ ಸುರಿಸುತ್ತಾನೆ, ಬಿಲ್ಲು ಕಳಿಸುವುದಿಲ್ಲ. ರಾಗಿಯನ್ನು ಮೂರು ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಒಂದು ಕ್ವಿಂಟಾಲಿಗೆ ನಾಲ್ಕೂವರೆ ಚದರ ಮೀಟರ್ ಜಾಗ. ಆ ಜಾಗಕ್ಕೆ ಒಂದು ದಿನ ಬೀಳುವ ಬಿಸಿಲು 20 ಯೂನಿಟ್ಟಿಗೂ ಮೇಲೆ. ನೆಲ, ಗಾಳಿ ಹೀರಿಕೊಂಡು ಬಹುಪಾಲು ವ್ಯರ್ಥವಾದರೂ, ಆಗಾಗ ಕೈಯಾಡಿಸಿದರೆ ಒಳ್ಳೆಯ ಬಿಸಿಲಿನ ಒಂದೆರಡು ದಿನದಲ್ಲಿ ಕೆಲಸ ಮುಗಿಯುತ್ತದೆ.

ಬಿಸಿಲಿನಷ್ಟೇ ಗಾಳಿಯ ಗುಣವೂ ಮುಖ್ಯ. ಸುತ್ತಲ ಗಾಳಿಯಲ್ಲಿ ತೇವಾಂಶ ಶೇ. 70 ಇದ್ದರೆ ಸಾಮಾನ್ಯವಾಗಿ ಧಾನ್ಯದ ತೇವ 13, 14ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಇಟ್ಟಿಗೆಯ ಲೆಕ್ಕದಲ್ಲಿ ಹೋಗದೆ ಉಳಿದ 2 ಪಾಲು ಇತ್ತಲ್ಲ, ಅದೇ ಇದು. ಚಂಡಮಾರುತದ ಮೋಡ ಕವಿದ ದಿನಗಳಲ್ಲಿ ಎಷ್ಟು ಹೊತ್ತು ಹರಡಿದರೂ 12 ಬಾರದು. ಅದು ರೈತನ ಸೋಮಾರಿತನ ಅಲ್ಲ, ಗಾಳಿಯ ಕಟ್ಟಳೆ. ರಾತ್ರಿ ಮುಚ್ಚದೆ ಬಿಟ್ಟರೆ ಒಣಗಿದ ರಾಗಿ ಮಂಜಿನ ಗಾಳಿಯಿಂದ ನೀರು ವಾಪಸ್ಸು ಎಳೆದುಕೊಳ್ಳುತ್ತದೆ. ಸಂಜೆ ರಾಶಿ ಮಾಡಿ ಹೊದಿಸುವ ಪದ್ಧತಿ ಅದಕ್ಕೇ ಬಂದದ್ದು.

ಆ ಒಂಬತ್ತು ಕೆ.ಜಿ. ಯಾರದು?

ಲೆಕ್ಕ ಗೊತ್ತಿಲ್ಲದ ಕಡೆ ಅನ್ಯಾಯ ನುಗ್ಗುತ್ತದೆ. ಒಬ್ಬ ವ್ಯಾಪಾರಿ ರಾಶಿಗೆ ಕೈ ಹಾಕಿ "ಹಸಿ ಇದೆ, ಕ್ವಿಂಟಾಲಿಗೆ ಹತ್ತು ಕೆ.ಜಿ. ಕಡಿತ" ಅಂದ ಎನ್ನಿ. ನ್ಯಾಯವಾದ ಕಡಿತ 9.1. ವ್ಯತ್ಯಾಸ ಒಂದು ಕೆ.ಜಿ.ಗೂ ಕಡಿಮೆ, ಯಾರು ಜಗಳ ಆಡುತ್ತಾರೆ? ಆದರೆ ನೂರು ಕ್ವಿಂಟಾಲಿಗೆ ಅದು 90 ಕೆ.ಜಿ. ದಾಟುತ್ತದೆ. ಹೆಚ್ಚುಕಡಿಮೆ ಒಂದು ಚೀಲ ರಾಗಿ ಮಾತಿನಲ್ಲೇ ಮಾಯ. ಹಾಗೆಯೇ ಅತಿಯಾಗಿ ಒಣಗಿಸುವುದೂ ನಷ್ಟವೇ. ಹೆದರಿಕೊಂಡು ಶೇ. 8ಕ್ಕೆ ಇಳಿಸಿದರೆ ಆ ಕ್ವಿಂಟಾಲು 87 ಕೆ.ಜಿ.ಗೆ ನಿಲ್ಲುತ್ತದೆ. 12ಕ್ಕೆ ನಿಲ್ಲಿಸಿದ್ದರೆ 91. ಸುಮಾರು ನಾಲ್ಕು ಕೆ.ಜಿ. ದುಡ್ಡು ಕೊಡದ ಗಾಳಿಗೆ ಮಾರಿದಂತಾಯಿತು.

ಇನ್ನೊಂದು ಕಡೆಯಿಂದಲೂ ನೋಡಬೇಕು. ಒಬ್ಬ ಸದಸ್ಯ ಹಸಿ ರಾಗಿಯನ್ನು ಒಣ ರಾಗಿಯೆಂದು ತೂಗಿಸಿದರೆ, ಅವನ ನೀರಿಗೆ ಉಳಿದ ಸದಸ್ಯರು ದುಡ್ಡು ಕೊಟ್ಟಂತೆ. ಅಷ್ಟೇ ಆದರೆ ಸರಿ, ಆ ಒಂದು ಚೀಲ ಗೋದಾಮಿನಲ್ಲಿ ಬಿಸಿಯೇರಿ, ಬೂಷ್ಟು ಹಿಡಿದು, ಪಕ್ಕದ ಹತ್ತು ಚೀಲಕ್ಕೂ ಹಬ್ಬುತ್ತದೆ. ಕಡಲೆಕಾಯಿಯಂಥ ಬೆಳೆಯಲ್ಲಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನೇ ಹುಟ್ಟಿಸುತ್ತದೆ. ಅದು ಕಣ್ಣಿಗೆ ಕಾಣದು, ಬೇಯಿಸಿದರೂ ಪೂರ್ತಿ ಹೋಗದು. ತಕ್ಕಡಿಯ ಮುಂದೆ ತೇವ ನೋಡುವುದು ಸದಸ್ಯನ ಮೇಲೆ ಅನುಮಾನ ಪಟ್ಟಂತಲ್ಲ. ಎಲ್ಲರ ಚೀಲವನ್ನೂ ಕಾಯ್ದಂತೆ.

ಕಣ ಉಳಿಯಲಿ

ಈ ಲೇಖನದ ಮುಖ್ಯ ಮಾತು ಇಲ್ಲಿದೆ. ನೂರು ಕ್ವಿಂಟಾಲ್ ರಾಗಿ ಒಂದೇ ಸಲ ಹರಡಲು 450 ಚದರ ಮೀಟರ್ ಬೇಕು, ಅಂದರೆ ಸುಮಾರು ನಾಲ್ಕೂವರೆ ಗುಂಟೆ. ಇಂದಿನ ಭಾಷೆಯಲ್ಲಿ ಹೇಳಬೇಕೆಂದರೆ ಮೂವತ್ತು ನಲವತ್ತರ ನಾಲ್ಕು ಸೈಟು. ನಮ್ಮ ಕಡೆಯ ಯಾವ ಊರಿನಲ್ಲಿ ಕೇಳಿದರೂ ಕಣ ಇದ್ದ ಜಾಗದಲ್ಲಿ ಈಗ ಏನಿದೆ ಎಂದು ತೋರಿಸುತ್ತಾರೆ. ಬಡಾವಣೆ ಇದೆ, ಶೆಡ್ಡು ಇದೆ, ಪಾರ್ಕಿಂಗ್ ಇದೆ. 2023ರಲ್ಲಿ ಮೆಟ್ರೋ ಕೃಷ್ಣರಾಜಪುರ ದಾಟಿ ವೈಟ್‌ಫೀಲ್ಡ್‌ವರೆಗೆ ಓಡತೊಡಗಿದ ಮೇಲೆ ನೆಲದ ಬೆಲೆ ಕೇಳುವ ಹಾಗಿಲ್ಲ. ಕಣ ಹೋದ ಮೇಲೆ ಹೆಂಗಸರು ಟಾರು ರಸ್ತೆಯ ಮೇಲೆ ರಾಗಿ ಹರಡಿ, ಒಂದು ಕಣ್ಣು ಕಾಳಿನ ಮೇಲೆ, ಒಂದು ಕಣ್ಣು ಬರುವ ಲಾರಿಯ ಮೇಲೆ ಇಟ್ಟು ಕೂರಬೇಕಾಯಿತು. ಬೈಕಿನವರು ಜಾರಿ ಬಿದ್ದದ್ದೂ ಉಂಟು. ರಸ್ತೆಯಲ್ಲಿ ಒಣಗಿಸಬೇಡಿ ಎಂದು ಬೋರ್ಡು ಹಾಕುವುದು ಸುಲಭ, ಎಲ್ಲಿ ಒಣಗಿಸಬೇಕು ಎಂದು ಹೇಳುವವರು ಬೇಕು.

ಖಾಲಿ ಬಿದ್ದ ಕಣವನ್ನು ನೋಡಿದವರಿಗೆ ಅದು ವರ್ಷಕ್ಕೆ ಹತ್ತು ತಿಂಗಳು ಕೆಲಸವಿಲ್ಲದ ನೆಲ. ಮೇಲಿನ ಲೆಕ್ಕ ಮಾಡಿದವರಿಗೆ ಅದು ಬಿಸಿಲಿರುವ ದಿನ ಎರಡು ಸಾವಿರ ಯೂನಿಟ್ ಶಾಖವನ್ನು ಪುಕ್ಕಟೆ ಕೊಡುವ ಯಂತ್ರ. ಅದನ್ನು ಮಾರಿದ ಮೇಲೆ ಅಷ್ಟೇ ಶಾಖವನ್ನು ಸೌದೆ, ಡೀಸೆಲ್, ಕರೆಂಟಿನಲ್ಲಿ ಕೊಳ್ಳಬೇಕು.

ಆದ್ದರಿಂದ ಬೆಳ್ಳಿ ಹಬ್ಬದ ಈ ಸಂದರ್ಭದಲ್ಲಿ ಆಡಳಿತ ಮಂಡಳಿಯ ಮುಂದೆ ಮತ್ತು ಸರ್ವ ಸದಸ್ಯರ ಮುಂದೆ ಮೂರು ಅರಿಕೆ. ಮೊದಲನೆಯದು, ಸಂಘದ ವತಿಯಿಂದ ಸಿಮೆಂಟು ಹಾಕಿದ, ನೀರು ನಿಲ್ಲದ ಹಾಗೆ ಇಳಿಜಾರು ಕೊಟ್ಟ ಒಂದು ಕಣ ಇರಲಿ. ಸರದಿ ಪ್ರಕಾರ ಸದಸ್ಯರಿಗೆ ಕೊಡೋಣ, ರಾತ್ರಿ ಹೊದಿಸಲು ಟಾರ್ಪಾಲು ಸಂಘವೇ ಇಡಲಿ. ಎರಡನೆಯದು, ತಕ್ಕಡಿಯ ಪಕ್ಕದಲ್ಲೇ ಒಂದು ಒಳ್ಳೆಯ ತೇವ ಅಳೆಯುವ ಮೀಟರು ಇರಲಿ. ಅದು ತೋರಿಸುವ ಅಂಕಿ ಸದಸ್ಯನ ಕಣ್ಣಿಗೂ ಕಾಣುವಂತಿರಲಿ, ಕಡಿತದ ಕೋಷ್ಟಕವನ್ನು ಗೋಡೆಯ ಮೇಲೆ ಬರೆಸೋಣ. 20ಕ್ಕೆ 9.1, 18ಕ್ಕೆ 6.8, 16ಕ್ಕೆ 4.5, 14ಕ್ಕೆ 2.3 ಕೆ.ಜಿ. ಎಂದು ನಾಲ್ಕು ಸಾಲು ಸಾಕು. ಓದಲು ಬಾರದವರಿಗೆ ಮಕ್ಕಳು ಓದಿ ಹೇಳಲಿ. ಮೂರನೆಯದು, ಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು ಸುಗ್ಗಿಯಲ್ಲಿ ಒಂದು ದಿನ ಕಣಕ್ಕೆ ಬಂದು, ಗಂಟೆಗೊಮ್ಮೆ ಒಂದು ತಟ್ಟೆ ರಾಗಿ ತೂಗಿ ಬರೆದಿಡಲಿ. ನಮ್ಮ ಕಣ, ನಮ್ಮ ಗಾಳಿ, ನಮ್ಮ ರಾಗಿಗೆ ಅರ್ಧ ನೀರು ಹೋಗಲು ಎಷ್ಟು ಗಂಟೆ ಬೇಕು ಎಂಬ ಅಂಕಿ ಯಾವ ಪುಸ್ತಕದಲ್ಲೂ ಸಿಗದು. ಅದನ್ನು ನಾವೇ ಅಳೆಯಬೇಕು. ಜೊತೆಗೆ ರಾಶಿಗೆ ಕೈ ಹಾಕಿ ಹೇಳಬಲ್ಲ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಮೀಟರು ಮತ್ತು ಮೊಣಕೈ ಎರಡೂ ಒಂದೇ ಮಾತು ಹೇಳಿದ ದಿನ ಮಕ್ಕಳಿಗೆ ತಮ್ಮ ಓದಿನ ಮೇಲೂ, ಹಿರಿಯರ ಮೇಲೂ ಗೌರವ ಹೆಚ್ಚುತ್ತದೆ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ಸಹಕಾರದ ಮೂಲಮಂತ್ರ. ಆ ಬಳ್ಳದೊಳಗೆ ಎಷ್ಟು ತೆನೆ, ಎಷ್ಟು ಹನಿ ಎಂದು ತಿಳಿದು ಅಳೆಯುವ ಸಂಘಕ್ಕೆ ಸದಸ್ಯರ ನಂಬಿಕೆ ತಾನಾಗಿ ಬರುತ್ತದೆ. ನಮ್ಮ ಸಂಘ ಅಂಥ ನಂಬಿಕೆಯಿಂದ ಸುವರ್ಣ ಮಹೋತ್ಸವದ ಕಡೆಗೆ ನಡೆಯಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.